ಕೌನ್ಸಿಲ್ ಎಸ್ಟೇಟಿನ ಕಾಲುದಾರಿ ಯಾರ ಸ್ವತ್ತು?

ಬ್ರಿಟನ್ನಿನಲ್ಲಿ ನಗರಸಭೆಗಳು, ಹೆಚ್ಚಾಗಿ ಎರಡನೇ ಮಹಾಯುದ್ಧದ ನಂತರ, ಕಟ್ಟಿ ಬಾಡಿಗೆಗೆ ಕೊಟ್ಟ ಬಡಾವಣೆಗಳಿಗೆ ಕೌನ್ಸಿಲ್ ಎಸ್ಟೇಟ್ ಎನ್ನುತ್ತಾರೆ. ಈಗ ಅವುಗಳಲ್ಲಿ ಹಲವನ್ನು ಕೆಡವಿ ಹೊಸದಾಗಿ ಕಟ್ಟಲಾಗುತ್ತಿದೆ. ಮನೆ ಯಾರಿಗೆ, ಬಾಡಿಗೆ ಎಷ್ಟು ಎಂಬ ಜಗಳದ ಬೆನ್ನಿಗೇ ಇನ್ನೊಂದು ತಕರಾರು ಏಳುತ್ತದೆ. ಐವತ್ತು ವರ್ಷ ಜನ ಅಂಗಡಿಗೆ, ಶಾಲೆಗೆ, ಬಸ್ಸಿಗೆ ಹೋಗುತ್ತಿದ್ದ ಕಾಲುದಾರಿಗೆ ಒಂದು ದಿನ ಬೇಲಿ ಬೀಳುತ್ತದೆ. ವಿಚಾರಿಸಿದರೆ, ಕಾಗದದ ಪ್ರಕಾರ ಅದು ಸಾರ್ವಜನಿಕ ದಾರಿಯೇ ಅಲ್ಲ ಎಂಬ ಉತ್ತರ ಬರುತ್ತದೆ.

ಇಂಥ ಕಾಲುದಾರಿಗಳ ಬೇರು ಅಮೆರಿಕದಲ್ಲಿದೆ. 1929ರಲ್ಲಿ ನ್ಯೂಜೆರ್ಸಿಯ ರಾಡ್‌ಬರ್ನ್ ಎಂಬ ಬಡಾವಣೆಗೆ ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ನಕ್ಷೆ ಹಾಕಿದರು. ಕಾರಿಗೆ ಒಂದು ದಾರಿ, ನಡೆಯುವವರಿಗೆ ಇನ್ನೊಂದು. ಮನೆಯ ಒಂದು ಮಗ್ಗುಲು ಹಸಿರಿಗೂ ಕಾಲುದಾರಿಗೂ ತೆರೆದುಕೊಂಡರೆ ಇನ್ನೊಂದು ಮಗ್ಗುಲಲ್ಲಿ ವಾಹನದ ಗಲ್ಲಿ. ಮಗು ರಸ್ತೆ ದಾಟದೆ ಶಾಲೆಗೆ ಹೋಗಬೇಕು ಎಂಬುದೇ ಆಸೆ. ಅದೇ ವರ್ಷ ಕ್ಲಾರೆನ್ಸ್ ಪೆರಿ ಮಂಡಿಸಿದ ‘ನೆರೆಹೊರೆ ಘಟಕ’ದ, ಅಂದರೆ ಶಾಲೆಯನ್ನು ನಡುವಿಟ್ಟು ನಡೆದೇ ಮುಟ್ಟುವಷ್ಟು ಅಳತೆಯ ಬಡಾವಣೆಯ, ಯೋಚನೆಯೂ ಇದರ ಜೊತೆಗೇ ಬ್ರಿಟನ್ನಿಗೆ ಹಡಗು ಹತ್ತಿತು. ನಮ್ಮ ಕಡೆಗೂ ಅದರ ಗಾಳಿ ಬೀಸಿತ್ತು: ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಓಟೊ ಕೋನಿಗ್ಸ್‌ಬರ್ಗರ್ 1948ರಲ್ಲಿ ಭುವನೇಶ್ವರದ ನಕ್ಷೆ ಬರೆದದ್ದು ಇದೇ ಘಟಕಗಳ ಲೆಕ್ಕದಲ್ಲಿ.

ಬಾಂಬು ಬಿದ್ದು ಹಾಳಾದ ಊರುಗಳು, ವಸತಿಯ ಹೊಣೆ ಹೊತ್ತು ಬೆವನ್ ಮಂತ್ರಿಯಾಗಿದ್ದಾಗ ಶುರುವಾದ ಲಕ್ಷಾಂತರ ಮನೆಗಳು, ಆಮೇಲೆ ವಸತಿ ಮಂತ್ರಿ ಮ್ಯಾಕ್‌ಮಿಲನ್ ಬೆನ್ನಟ್ಟಿದ ವರ್ಷಕ್ಕೆ ಮೂರು ಲಕ್ಷ ಮನೆಗಳ ಗುರಿ, 1956ರಿಂದ ಮಹಡಿ ಏರಿದಂತೆ ಏರುವ ಸಹಾಯಧನ, 1968ರಲ್ಲಿ ಲಂಡನ್ನಿನ ರೋನನ್ ಪಾಯಿಂಟ್ ಗೋಪುರದ ಮೂಲೆ ಕುಸಿದು ಎತ್ತರದ ಮೋಹಕ್ಕೆ ಬಿದ್ದ ಪೆಟ್ಟು: ಕಾಲು ಶತಮಾನದ ಕಥೆ ಸ್ಥೂಲವಾಗಿ ಇಷ್ಟು. ಇದರ ನಡುವೆ 1963ರಲ್ಲಿ ಕಾಲಿನ್ ಬ್ಯೂಕ್ಯಾನನ್ ಸಂಚಾರದ ಬಗ್ಗೆ ಸರ್ಕಾರಕ್ಕೆ ಒಪ್ಪಿಸಿದ ವರದಿ ಬಂತು. ಕಾರು ಮತ್ತು ಪಾದಚಾರಿಗಳನ್ನು ಬೇರೆ ಮಾಡುವುದು ಅಲ್ಲಿಂದ ಹೆಚ್ಚುಕಡಿಮೆ ಅಧಿಕೃತ ವಿವೇಕವಾಯಿತು.

ಶೆಫೀಲ್ಡ್ ನಗರದಲ್ಲಿ ಈ ಯೋಚನೆಯ ಎರಡು ರೂಪಗಳನ್ನೂ ನಡೆದು ನೋಡಬಹುದು. ನಗರದ ವಾಸ್ತುಶಿಲ್ಪಿ ಲೂಯಿಸ್ ವೊಮರ್ಸ್ಲಿ ಕಾಲದಲ್ಲಿ ಕಟ್ಟಿದ ಗ್ಲೀಡ್‌ಲೆಸ್ ಕಣಿವೆಯಲ್ಲಿ ಕಾಡನ್ನು ಉಳಿಸಿಕೊಂಡು ಇಳಿಜಾರಿಗೆ ಮನೆಗಳನ್ನು ಕೂರಿಸಿದ್ದಾರೆ. ಕೆಲವು ಮನೆಗಳ ಬಾಗಿಲಿಗೆ ಪುಟ್ಟ ಸೇತುವೆ ದಾಟಿ ಹೋಗಬೇಕು. ಬಡಾವಣೆಯ ತುಂಬ ಮೆಟ್ಟಿಲು, ಮರಗಳ ನಡುವಿನ ದಾರಿ. ಮೊಣಕಾಲು ನೋವಿನವರನ್ನು ನೆನೆದು ಹಾಕಿದ ನಕ್ಷೆಯಂತೂ ಅಲ್ಲ. ರೈಲು ನಿಲ್ದಾಣದ ಹಿಂದಿನ ಗುಡ್ಡದ ಮೇಲಿನ ಪಾರ್ಕ್ ಹಿಲ್‌ನಲ್ಲಿ ದಾರಿಯೇ ಮಹಡಿ ಏರಿತು. ಜ್ಯಾಕ್ ಲಿನ್ ಮತ್ತು ಐವರ್ ಸ್ಮಿತ್ ವಿನ್ಯಾಸದ ಈ ಕಟ್ಟಡದ ಸಾಲು 1961ರಲ್ಲಿ ಮುಗಿಯಿತು. ಮನೆಗಳ ಮುಂದೆ ಸುಮಾರು ಮೂರು ಮೀಟರ್ ಅಗಲದ ಜಗಲಿ. ಹಾಲಿನ ಬಂಡಿ ಬಾಗಿಲವರೆಗೂ ಬರುತ್ತಿತ್ತು. ಮೇಲ್ಛಾವಣಿ ಒಂದೇ ಮಟ್ಟದಲ್ಲಿದ್ದು ನೆಲ ಇಳಿದಂತೆ ನಾಲ್ಕು ಮಹಡಿಯ ಕಟ್ಟಡ ಹದಿಮೂರು ಮಹಡಿಯಾಗುತ್ತದೆ. ಹಾಗಾಗಿ ಮೇಲಿನದೊಂದನ್ನು ಬಿಟ್ಟು ಉಳಿದ ಜಗಲಿಗಳೆಲ್ಲ ಗುಡ್ಡದ ಒಂದಲ್ಲ ಒಂದು ಕಡೆ ನೆಲಕ್ಕೆ ತಾಗುತ್ತವೆ. ಕೆಡವಿದ ಹಳೆಯ ಬೀದಿಗಳ ಹೆಸರನ್ನೇ ಅವಕ್ಕಿಟ್ಟರು, ನೆರೆಯವರನ್ನು ನೆರೆಯವರಾಗಿಯೇ ಉಳಿಸಲು ನೋಡಿದರು.

ಇಷ್ಟೆಲ್ಲ ಎಚ್ಚರದಿಂದ ಯೋಚಿಸಿದವರು ನಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಗುಡಿಸುವವರ ಲೆಕ್ಕ ಯಾವ ನಕ್ಷೆಯಲ್ಲೂ ಇರಲಿಲ್ಲ. ಮುಂದಿನ ಗೋಜಲಿಗೆ ಇದೇ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ.

ಬಡಾವಣೆ ಎದ್ದಾಗ ಮಾಲೀಕ ಒಬ್ಬನೇ, ಕೌನ್ಸಿಲ್. ಒಳಗೆ ಮಾತ್ರ ಖಾತೆಗಳು ಬೇರೆಬೇರೆ. ವಾಹನ ಓಡುವ ರಸ್ತೆ ಮತ್ತು ಅದರ ಪಕ್ಕದ ಪಾದಚಾರಿ ಮಾರ್ಗ ಹೆದ್ದಾರಿ ವಿಭಾಗದ (ಅಲ್ಲಿ ಸಾರ್ವಜನಿಕ ರಸ್ತೆಗಳನ್ನೆಲ್ಲ ನೋಡಿಕೊಳ್ಳುವ ವಿಭಾಗಕ್ಕೆ ಈ ಹೆಸರು) ಪಟ್ಟಿಗೆ ಸೇರಿದವು. ಆ ಪಟ್ಟಿಯಲ್ಲಿದ್ದರೆ ಸಾರ್ವಜನಿಕ ಖರ್ಚಿನಲ್ಲಿ ನಿರ್ವಹಣೆ ಖಾತ್ರಿ. ಕಟ್ಟಡಗಳ ನಡುವಿನ ಕಾಲುದಾರಿ, ಮೆಟ್ಟಿಲು, ಗ್ಯಾರೇಜಿನ ಅಂಗಳ, ಮಹಡಿಯ ಜಗಲಿ ಇವೆಲ್ಲ ಬಹುತೇಕ ಕಡೆ ವಸತಿ ವಿಭಾಗದಲ್ಲೇ ಉಳಿದವು, ಅವುಗಳ ಖರ್ಚು ಬಾಡಿಗೆದಾರರ ಬಾಡಿಗೆಯಿಂದಲೇ ಹುಟ್ಟಬೇಕಿತ್ತು. ಹಲವೆಡೆ ಒಂದೇ ದಾರಿಯ ದೀಪದ ಕಂಬಗಳು ಕೂಡ ಎರಡು ಇಲಾಖೆಗಳಿಗೆ ಹಂಚಿಹೋದವು. 1974ರಲ್ಲಿ ಸ್ಥಳೀಯ ಆಡಳಿತವನ್ನು ಪುನಾರಚಿಸಿದಾಗ ಮಹಾನಗರಗಳ ಹೊರಗೆ ರಸ್ತೆ ಮೇಲಿನ ಹಂತದ ಕೌಂಟಿ ಆಡಳಿತಕ್ಕೆ, ವಸತಿ ಅದರೊಳಗಿನ ಜಿಲ್ಲೆಗೆ ಹೋಯಿತು. ಅಲ್ಲಿಯವರೆಗೆ ಒಂದೇ ಕಚೇರಿಯ ಎರಡು ಕೋಣೆಗಳಲ್ಲಿದ್ದ ಕಡತಗಳು ಬೇರೆ ಊರುಗಳ ಕಪಾಟು ಸೇರಿದವು.

ಬಾಡಿಗೆ ಸಾಲದಾಗ ಮೊದಲು ಕಡಿತವಾದದ್ದು ಬಡಾವಣೆಯಲ್ಲೇ ವಾಸವಿದ್ದ ಕಾವಲುಗಾರರ ಹುದ್ದೆಗಳು. ದೀಪ ಒಡೆದರೆ ಒಡೆದೇ ಇರುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಅಟ್ಲಾಂಟಿಕ್ ದಾಟಿ ಎರಡನೇ ಯೋಚನೆ ಬಂತು, ಮೊದಲನೆಯದಕ್ಕೆ ತದ್ವಿರುದ್ಧವಾಗಿ. ಎಲ್ಲರಿಗೂ ಸೇರಿದ ಜಾಗವನ್ನು ಯಾರೂ ಕಾಯುವುದಿಲ್ಲ, ಪ್ರತಿ ಜಾಗಕ್ಕೂ ಒಬ್ಬ ಒಡೆಯ ಕಾಣಬೇಕು ಎಂದು ಆಸ್ಕರ್ ನ್ಯೂಮನ್ 1972ರಲ್ಲಿ ವಾದಿಸಿದರು. ಅದನ್ನು ಬ್ರಿಟನ್ನಿನಲ್ಲಿ ಹಿಡಿದು ಎಳೆದವರು ಲಂಡನ್ನಿನ ಕಿಂಗ್ಸ್ ಕಾಲೇಜಿನ ಭೂಗೋಳ ತಜ್ಞೆ ಆಲಿಸ್ ಕೋಲ್ಮನ್. ಅವರ ತಂಡ ಸದರ್ಕ್ ಮತ್ತು ಟವರ್ ಹ್ಯಾಮ್ಲೆಟ್ಸ್ ಭಾಗದ 4,000ಕ್ಕೂ ಹೆಚ್ಚು ವಸತಿ ಕಟ್ಟಡಗಳನ್ನು ಸುತ್ತಿ ಕಸ, ಗೋಡೆಬರಹ, ಒಡೆದ ವಸ್ತು, ಮೂತ್ರ, ಮಲ ಎಲ್ಲವನ್ನೂ ದಾಖಲಿಸಿತು. (ವಿಜ್ಞಾನಕ್ಕಾಗಿ ಪಟ್ಟ ಕಷ್ಟಗಳಲ್ಲಿ ಇದನ್ನೂ ಸೇರಿಸಬೇಕು.) ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವ ಮೇಲುದಾರಿ ಇದ್ದಲ್ಲಿ ಇವೆಲ್ಲ ಹೆಚ್ಚು ಎಂದು 1985ರಲ್ಲಿ ಅವರು ಬರೆದರು.

ವಾದ ಸರಳವಾಗಿತ್ತು, ಮಾಡಬೇಕಾದ ಕೆಲಸವೂ ಕಣ್ಣಿಗೆ ಕಾಣುವಂಥದ್ದು. ವೆಸ್ಟ್‌ಮಿನ್‌ಸ್ಟರ್‌ನ ಮೋಟ್ಸಾರ್ಟ್ ಎಸ್ಟೇಟಿನಲ್ಲಿ ಮೇಲುದಾರಿಗಳನ್ನು ಒಡೆದರು. ಪ್ರಧಾನಿ ಥ್ಯಾಚರ್ 1988ರಲ್ಲಿ ಕೋಲ್ಮನ್ ಅವರನ್ನು ಕರೆಸಿ ಮಾತಾಡಿದ ಮೇಲೆ ಪ್ರಯೋಗಕ್ಕೆ ಐದು ಕೋಟಿ ಪೌಂಡ್ ಸಿಕ್ಕಿತು. ಬಡತನ, ಒಂದೇ ಕಟ್ಟಡದಲ್ಲಿ ಕಿಕ್ಕಿರಿದ ಮಕ್ಕಳ ಸಂಖ್ಯೆ, ಯಾರಿಗೆ ಯಾವ ಮನೆ ಕೊಡಬೇಕೆಂಬ ಹಂಚಿಕೆ ಇವುಗಳನ್ನು ಬದಿಗಿಟ್ಟು ಗೋಡೆಯನ್ನೇ ದೂರುವುದು ಸರಿಯೇ ಎಂದು ಕೇಳಿದವರಿದ್ದರು. ಲಂಡನ್ ಯೂನಿವರ್ಸಿಟಿ ಕಾಲೇಜಿನ ಬಿಲ್ ಹಿಲ್ಲಿಯರ್ ಅಂಕಿಅಂಶಗಳನ್ನೇ ಪ್ರಶ್ನಿಸಿದರು. ಜನ ಓಡಾಡುವ ದಾರಿಯೇ ಸುರಕ್ಷಿತ, ದಾರಿ ಕಡಿದಷ್ಟೂ ಜಾಗ ನಿರ್ಜನವಾಗುತ್ತದೆ ಎಂಬುದು ಅವರ ಬಹುಕಾಲದ ನಿಲುವು. ಆದರೆ ಕಾವಲುಗಾರನಿಗೆ ತಿಂಗಳು ತಿಂಗಳು ಸಂಬಳ ಕೊಡಬೇಕು. ಸೇತುವೆ ಒಡೆಯುವುದು ಒಂದೇ ಸಲದ ಖರ್ಚು. ಯಾವುದು ನಡೆಯಿತೆಂದು ಬೇರೆ ಹೇಳಬೇಕಿಲ್ಲ.

ಟಾಟನ್‌ಹ್ಯಾಮ್‌ನ ಬ್ರಾಡ್‌ವಾಟರ್ ಫಾರ್ಮ್‌ನಲ್ಲಿ ಪ್ರವಾಹದ ಭಯಕ್ಕೆ ನೆಲಮಟ್ಟವನ್ನು ಕಾರುಗಳಿಗೆ ಬಿಟ್ಟು ಜನರ ದಾರಿಯನ್ನೂ ಅಂಗಡಿಗಳನ್ನೂ ಮೇಲಕ್ಕೆ ಎತ್ತಿದ್ದರು. 1985ರ ಅಕ್ಟೋಬರಿನಲ್ಲಿ ಅಲ್ಲಿ ದೊಡ್ಡ ಗಲಭೆಯಾಯಿತು. ಮುಂದಿನ ವರ್ಷಗಳಲ್ಲಿ ಆ ಮೇಲುದಾರಿಗಳೂ ಹೋದವು. ಗಲಭೆ ಹುಟ್ಟಿದ್ದು ಪೊಲೀಸ್ ಶೋಧದ ವೇಳೆ ಒಬ್ಬ ತಾಯಿ ಮನೆಯಲ್ಲೇ ಕುಸಿದು ಸತ್ತ ನಂತರ. ಕಾಂಕ್ರೀಟಿಗೂ ಅದಕ್ಕೂ ಇದ್ದ ನಂಟು ಎಷ್ಟೆಂದು ಓದುಗರೇ ಅಳೆಯಬಹುದು.

ಈ ಮಧ್ಯೆ 1980ರ ವಸತಿ ಕಾಯ್ದೆ ಬಾಡಿಗೆದಾರರಿಗೆ ಮನೆ ಕೊಳ್ಳುವ ಹಕ್ಕು ಕೊಟ್ಟಿತ್ತು. 1988ರಿಂದ ಕೌನ್ಸಿಲುಗಳು ಇಡೀ ಬಡಾವಣೆಗಳನ್ನೇ ವಸತಿ ಸಂಘಗಳಿಗೆ (ಲಾಭದ ಉದ್ದೇಶವಿಲ್ಲದೆ ಮನೆ ಬಾಡಿಗೆಗೆ ಕೊಡುವ ಸಂಸ್ಥೆಗಳಿಗೆ) ದಾಟಿಸತೊಡಗಿದವು. ಮನೆ ಕೊಂಡವರಿಗೆ ಮನೆ ಬಂತು, ಸಂಘಕ್ಕೆ ಉಳಿದ ಮನೆಗಳ ಜೊತೆ ದಾರಿಯೂ ಬಂತು. ದಾರಿಯಿಂದ ಬಾಡಿಗೆ ಹುಟ್ಟುವುದಿಲ್ಲ, ಖರ್ಚಷ್ಟೇ. 2005ರ ಒಂದು ಕಾಯ್ದೆ ಅಪರಾಧದ ಕಾರಣ ನೀಡಿ ಓಣಿಗಳಿಗೆ ಗೇಟು ಹಾಕುವ ಅವಕಾಶ ಕೊಟ್ಟಿತು. ಪಾರ್ಕ್ ಹಿಲ್ 1998ರಲ್ಲಿ ಸಂರಕ್ಷಿತ ಕಟ್ಟಡವಾಗಿ ಅನಂತರ ಖಾಸಗಿ ಸಹಭಾಗಿತ್ವದಲ್ಲಿ ನವೀಕರಣಗೊಂಡಿತು. ಹಾಲಿನ ಬಂಡಿಯ ಜಗಲಿಗೆ ಹೋಗಲು ಈಗ ಕೀಲಿ ಬೇಕು.

ಹಾಗಾದರೆ ನಡೆದವರಿಗೆ ಹಕ್ಕೇ ಇಲ್ಲವೇ? ಇಂಗ್ಲೆಂಡಿನಲ್ಲಿ ಯಾರ ಅಡ್ಡಿಯೂ ಅನುಮತಿಯೂ ಇಲ್ಲದೆ 20 ವರ್ಷ ಜನ ನಡೆದ ದಾರಿಯನ್ನು ಸಾರ್ವಜನಿಕ ದಾರಿ ಎಂದು ಪರಿಗಣಿಸಲು ಕಾನೂನಿದೆ. ಅಂಥ ದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ಗುರುತಿಸಬೇಕೆಂದು 1949ರ ಕಾಯ್ದೆ ಹೇಳಿತು. ಆದರೆ ಅದರ ಕಣ್ಣು ಹಳ್ಳಿಯ ಹೊಲದಂಚಿನ ಮೇಲಿತ್ತು. ಲಂಡನ್ನಿನ ಒಳಭಾಗಕ್ಕೆ ಆ ನಕ್ಷೆ ಕಡ್ಡಾಯವಾಗಲೇ ಇಲ್ಲ, ಅನೇಕ ಪಟ್ಟಣಗಳ ಕಟ್ಟಡ ತುಂಬಿದ ಭಾಗಗಳೂ ಹೊರಗುಳಿದವು. ಹೊಲದ ನಡುವಿನ ದಾರಿಗೆ ದಾಖಲೆಯಿದೆ, ಸಾವಿರ ಮಂದಿ ದಿನವೂ ನಡೆಯುವ ಎಸ್ಟೇಟಿನ ದಾರಿಗೆ ಇಲ್ಲ.

2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಯಾರ್ಕ್‌ಷೈರಿನ ವಿಟ್ಬಿ ಪಟ್ಟಣದ ಒಂದು ಆಟದ ಮೈದಾನದ ಬಗ್ಗೆ ತೀರ್ಪು ಕೊಟ್ಟಿತು. ವಸತಿ ಕಾಯ್ದೆಯಡಿ ಕೌನ್ಸಿಲ್ ಜನರಿಗೆಂದೇ ಒದಗಿಸಿದ ಜಾಗವದು. ಜನ ಅಲ್ಲಿಗೆ ಬಂದದ್ದು ಕೊಟ್ಟ ಅವಕಾಶವನ್ನು ಬಳಸಿಕೊಂಡು, ಹಾಗಾಗಿ ಎಷ್ಟು ವರ್ಷ ಬಳಸಿದರೂ ಊರಿನ ಸಾರ್ವಜನಿಕ ಬಯಲೆಂದು ಅದನ್ನು ನೋಂದಾಯಿಸಲಾಗದು ಎಂದಿತು. ಪ್ರಕರಣ ಮೈದಾನದ್ದು. ಆದರೂ ವಸತಿ ಜಾಗದ ಕಾಲುದಾರಿಗೂ ಅದೇ ವಾದ ಹೂಡಲು ಬಾಗಿಲು ತೆರೆಯಿತು. ಜನರಿಗಾಗಿ ಮಾಡಿದ ದಾರಿ ಎಂಬುದೇ ಜನರ ಹಕ್ಕಿಗೆ ಅಡ್ಡ ಬರಬಹುದು.

ಆದ್ದರಿಂದಲೇ ಹೊಸ ಯೋಜನೆಯ ಸುಳಿವು ಸಿಕ್ಕಿದೊಡನೆ ಕೆಲವು ನಿವಾಸಿಗಳು ಮೊದಲು ಹೆದ್ದಾರಿ ವಿಭಾಗದ ಪಟ್ಟಿಯನ್ನು ಕೇಳಿ ನೋಡುತ್ತಾರೆ. ದಾರಿ ಪಟ್ಟಿಯಲ್ಲಿದ್ದರೆ ಅದನ್ನು ಮುಚ್ಚಲು ಆದೇಶ ಹೊರಡಬೇಕು, ಪ್ರಕಟಣೆ ಆಗಬೇಕು, ಆಕ್ಷೇಪಕ್ಕೆ 28 ದಿನ ಸಿಗುತ್ತದೆ. ಪಟ್ಟಿಯಲ್ಲೂ ಇಲ್ಲ, ಹಕ್ಕನ್ನೂ ಸಾಬೀತು ಮಾಡಲಾಗದು ಎಂದಾದರೆ ಆದೇಶವೂ ಬೇಡ, ಪ್ರಕಟಣೆಯೂ ಬೇಡ. ಗುತ್ತಿಗೆದಾರರ ಬೇಲಿ ಬಂದರೆ ಮುಗಿಯಿತು.