ಎರಕದ ಅಲ್ಯೂಮಿನಿಯಂನ ಫಟೀಗ್ ಸ್ಟ್ರೆಂತ್: ಆ ಸಂಖ್ಯೆಯನ್ನು ಓದುವುದು ಹೇಗೆ?

ಒಂದು ಸಲ ಹೇರಿದರೆ ಲೋಹ ಸಲೀಸಾಗಿ ತಡೆದುಕೊಳ್ಳುವ ಭಾರವೇ ಲಕ್ಷಾಂತರ ಸಲ ಬಂದು ಹೋಗುತ್ತಿದ್ದರೆ ಬಿರುಕು ಮೂಡಿಸುತ್ತದೆ. ಇದು ಫಟೀಗ್, ಲೋಹದ ದಣಿವು. ಗೊತ್ತುಪಡಿಸಿದಷ್ಟು ಆವರ್ತಗಳವರೆಗೆ ಮುರಿಯದೆ ತಾಳಬಲ್ಲ ಸ್ಟ್ರೆಸ್ (ಅಡ್ಡಕೊಯ್ತದ ಪ್ರತಿ ಚದರಳತೆಗೆ ಬೀಳುವ ಬಲ) ಮಟ್ಟವೇ ಫಟೀಗ್ ಸ್ಟ್ರೆಂತ್. ಎಷ್ಟು ಆವರ್ತ ಎಂದು ಹೇಳದೆ ಬರೀ ಸಂಖ್ಯೆ ಕೊಟ್ಟರೆ ಅದನ್ನು ನಂಬಿ ವಿನ್ಯಾಸ ಮಾಡಬೇಡಿ.

ಎಷ್ಟು ಸ್ಟ್ರೆಸ್‌ಗೆ ಎಷ್ಟು ಆವರ್ತಗಳಲ್ಲಿ ಮುರಿಯುತ್ತದೆ ಎಂದು ತೋರಿಸುವ ಗೆರೆಯೇ ಎಸ್-ಎನ್ ಕರ್ವ್. ಉಕ್ಕಿನ ಕರ್ವ್ ಸಾಮಾನ್ಯವಾಗಿ ಹತ್ತು ಲಕ್ಷದಿಂದ ಒಂದು ಕೋಟಿ ಆವರ್ತಗಳ ಹೊತ್ತಿಗೆ ಹೆಚ್ಚುಕಡಿಮೆ ಸಪಾಟಾಗುತ್ತದೆ. ಅಲ್ಯೂಮಿನಿಯಂನದು ಇಳಿಯುತ್ತಲೇ ಇರುತ್ತದೆ. ಹಾಗಾಗಿ ಅನೇಕ ಕೈಪಿಡಿಗಳು 50 ಕೋಟಿ ಆವರ್ತಗಳಿಗೆ ಬಂದ ಮೌಲ್ಯವನ್ನು ಕೊಡುತ್ತವೆ. ನುಣ್ಣಗೆ ಪಾಲಿಶ್ ಮಾಡಿದ ಸಣ್ಣ ಸರಳನ್ನು ಬಾಗಿಸಿ ತಿರುಗಿಸುವ ಪರೀಕ್ಷೆಯಿಂದ ಬಂದದ್ದು ಅದು. ಪ್ರತಿ ಸುತ್ತಿಗೂ ಸರಳಿನ ಮೇಲ್ಮೈ ಒಮ್ಮೆ ಎಳೆತಕ್ಕೆ, ಒಮ್ಮೆ ಅಷ್ಟೇ ಒತ್ತಕ್ಕೆ ಸಿಕ್ಕುತ್ತದೆ.

ಈಗ 356-ಟಿ6 ಮಿಶ್ರಲೋಹವನ್ನು ನೋಡಿ: 356 ಎಂದರೆ ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಂ ಬೆರೆಸಿದ ಎರಕದ ಅಲ್ಯೂಮಿನಿಯಂ, ಟಿ6 ಎಂದರೆ ಬಲ ಹೆಚ್ಚಿಸಲು ಅದಕ್ಕೆ ಕೊಡುವ ಹೀಟ್ ಟ್ರೀಟ್‌ಮೆಂಟ್. ಮರಳಚ್ಚಿನಲ್ಲಿ ಎರಕ ಹೊಯ್ದರೆ ಎಳೆತದ ಬಲ ಸುಮಾರು 230 ಮೆಗಾಪಾಸ್ಕಲ್, ಫಟೀಗ್ ಸ್ಟ್ರೆಂತ್ ಸುಮಾರು 60. ಲೋಹದ ಕಾಯಂ ಅಚ್ಚಿನಲ್ಲಿ ಹೊಯ್ದರೆ ಎಳೆತದ ಬಲ ಸುಮಾರು 260ಕ್ಕೆ ಏರುತ್ತದೆ, ಫಟೀಗ್ ಸ್ಟ್ರೆಂತ್ ಮಾತ್ರ 90ರ ಹತ್ತಿರ ಹೋಗುತ್ತದೆ! ಅದೇ ಮಿಶ್ರಲೋಹ, ಅದೇ ಹೀಟ್ ಟ್ರೀಟ್‌ಮೆಂಟ್. ಎಳೆತದ ಬಲವನ್ನು ಯಾವುದೋ ಒಂದು ಅಂಶದಿಂದ ಗುಣಿಸಿ ಫಟೀಗ್ ಸ್ಟ್ರೆಂತ್ ಅಂದಾಜು ಮಾಡುವ ಅಭ್ಯಾಸ ಎರಕದಲ್ಲಿ ಯಾಕೆ ಕೈಕೊಡುತ್ತದೆ ಎಂಬುದು ಇಲ್ಲೇ ಕಾಣುತ್ತದೆ.

ಕಾರಣ ಇರುವುದು ಲೋಹ ಗಟ್ಟಿಯಾಗುವ ಬಗೆಯಲ್ಲಿ. ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ ಹೀರಿಕೊಂಡಿರುತ್ತದೆ; ಗಟ್ಟಿಯಾಗುವಾಗ ಅದು ಹೊರಬಿದ್ದು ಗುಳ್ಳೆಗಳಾಗಿ ಉಳಿಯುತ್ತದೆ. ಲೋಹ ಕುಗ್ಗುವಾಗ ದ್ರವ ತಲುಪದ ಜಾಗಗಳಲ್ಲಿ ಬೇರೆ ರಂಧ್ರಗಳಾಗುತ್ತವೆ. ಹೊಯ್ಯುವಾಗ ಆಕ್ಸೈಡ್ ಪೊರೆಗಳು ಮಡಚಿಕೊಂಡು ಒಳಗೆ ಸೇರುತ್ತವೆ. ನಿಧಾನವಾಗಿ ತಣಿಯುವ ದಪ್ಪ ಭಾಗಗಳಲ್ಲಿ ರಂಧ್ರಗಳೂ ದೊಡ್ಡವು, ಡೆಂಡ್ರೈಟ್‌ಗಳೂ (ಲೋಹ ಗಟ್ಟಿಯಾಗುವಾಗ ಮರದ ಕೊಂಬೆಗಳಂತೆ ಬೆಳೆಯುವ ಹರಳುಗಳು) ಒರಟು. ಮೇಲ್ಮೈಗೆ ಹತ್ತಿರದಲ್ಲಿ ಒಂದೇ ಒಂದು ದೊಡ್ಡ ರಂಧ್ರವಿದ್ದರೂ ಸಾಕು, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಡೈ ಕಾಸ್ಟಿಂಗ್‌ನ (ಲೋಹದ ಅಚ್ಚಿಗೆ ಒತ್ತಡದಿಂದ ನುಗ್ಗಿಸಿದ ಎರಕದ) ಹೊರಚರ್ಮ ದಟ್ಟವಾಗಿರುತ್ತದೆ, ಆದರೆ ಮಷೀನಿಂಗ್‌ನಲ್ಲಿ ಅದನ್ನು ಕೆತ್ತಿದರೆ ಅಡಿಯ ರಂಧ್ರಗಳು ಬಾಯಿ ತೆರೆಯುತ್ತವೆ.

ಆದ್ದರಿಂದ ದತ್ತಾಂಶ ಹುಡುಕುವಾಗ ನಾನು ಮೊದಲು ಕೇಳುವುದು: ಸ್ಯಾಂಪಲ್ ಎಲ್ಲಿಂದ ಬಂತು? ಪರೀಕ್ಷೆಗೆಂದೇ ಬೇರೆಯಾಗಿ ಹೊಯ್ದ ಸರಳು ಬೇಗ ತಣಿದಿರುತ್ತದೆ, ಒಳ್ಳೆಯ ಮೌಲ್ಯವನ್ನೇ ಕೊಡುತ್ತದೆ. ನಿಜವಾದ ಭಾಗದಿಂದ ಕತ್ತರಿಸಿದ್ದು ಅಷ್ಟು ಕೊಡದಿರಬಹುದು. ಜೊತೆಗೆ, ಕರ್ವ್ ಸರಾಸರಿಯದಾದರೆ ಅರ್ಧದಷ್ಟು ಸ್ಯಾಂಪಲ್‌ಗಳು ಅದಕ್ಕಿಂತ ಮುಂಚೆಯೇ ಮುರಿದಿರುತ್ತವೆ. ನಿಮ್ಮ ಭಾಗದ ಮೇಲೆ ಸದಾ ಎಳೆತವಿದ್ದರೆ ಗುಡ್‌ಮನ್ ತಿದ್ದುಪಡಿ (ಸರಾಸರಿ ಎಳೆತ ಹೆಚ್ಚಿದಷ್ಟೂ ತಾಳಬಲ್ಲ ಏರಿಳಿತದ ಸ್ಟ್ರೆಸ್ ಅನ್ನು ತಗ್ಗಿಸುವ ಲೆಕ್ಕ) ಹಾಕಿ ಆ ಮೌಲ್ಯವನ್ನು ಇನ್ನಷ್ಟು ಇಳಿಸಬೇಕು.

ಹೊಂದುವ ದತ್ತಾಂಶ ಸಿಗದಿದ್ದರೆ ಸ್ವಂತ ಎರಕದಿಂದ, ಸ್ಟ್ರೆಸ್ ಹೆಚ್ಚಿರುವ ಜಾಗದಿಂದಲೇ ಸ್ಯಾಂಪಲ್ ಕತ್ತರಿಸಿ ಪರೀಕ್ಷಿಸಿ. ಮುರಿದ ತುಂಡುಗಳನ್ನು ಎಸೆಯಬೇಡಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬಿರುಕು ಹುಟ್ಟಿದ ರಂಧ್ರವನ್ನು ಅಳೆದಿಟ್ಟರೆ, ಮುಂದಿನ ಎರಕಗಳಿಗೆ ಎಷ್ಟು ದೊಡ್ಡ ರಂಧ್ರದವರೆಗೆ ಒಪ್ಪಬಹುದೆಂದು ನಿರ್ಧರಿಸಲು ಅದೇ ಆಧಾರವಾಗುತ್ತದೆ.