ತಪ್ಪು ಲೆಕ್ಕದ ಫೋಟೋ ಕಳಿಸಿ

ಕೆಲವು ವರ್ಷಗಳ ಹಿಂದಿನ ಮಾತು. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಆಗ ದಿನಾ ಸಂಜೆ ಹತ್ತನೇ ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಹೋಂವರ್ಕ್ ಲೆಕ್ಕ ಬಿಡಿಸಿ ಫೋಟೋ ಹಾಕುತ್ತಿದ್ದೆ. ಮಕ್ಕಳಿಗೆ ಅನುಕೂಲ ಆಗಲಿ ಅಂತ. ಒಂದು ದಿನ ಆತುರದಲ್ಲಿ ಬರೆದ 1 ಅನ್ನೋದು 7ರ ಥರ ಕಾಣಿಸಿದೆ. ಮಾರನೇ ದಿನ ನೋಟ್‌ಬುಕ್ ತಿದ್ದಲು ಕೂತರೆ, ಮೂವತ್ತೊಂದು ನೋಟ್‌ಬುಕ್‌ಗಳಲ್ಲಿ 7 ಇತ್ತು. ಅದರ ಕೆಳಗಿನ ಸಾಲು ಮಾತ್ರ ಸರಿಯಾಗಿತ್ತು. ಈ 7 ಎಲ್ಲಿಂದ ಬಂತು ಅಂತ ಒಬ್ಬರೂ ಕೇಳಿರಲಿಲ್ಲ. ಮೊಬೈಲ್ ತೆಗೆದು ಫೋಟೋ ಯಾರ್ಯಾರು ನೋಡಿದ್ದಾರೆ ಅಂತ ನೋಡಿದೆ. ಎಲ್ಲರೂ ನೋಡಿದ್ದರು.

ಅವತ್ತಿನಿಂದ ಆ ಗುಂಪಿಗೆ ಉತ್ತರ ಹಾಕುವುದನ್ನು ನಿಲ್ಲಿಸಿದೆ.

ನನಗೆ ಅರ್ಥವಾದದ್ದು ಇಷ್ಟು. ಫೋನಿನಲ್ಲಿ ಉತ್ತರ ಬೇಗ ಓಡುತ್ತದೆ, ಅನುಮಾನ ಓಡುವುದಿಲ್ಲ. ಅರವತ್ತು ಜನರ ಗುಂಪಿನಲ್ಲಿ "ನನಗೆ ಇದು ಗೊತ್ತಾಗ್ಲಿಲ್ಲ" ಅಂತ ಬರೆಯಲು ಹದಿನಾಲ್ಕು ವರ್ಷದ ಮಗುವಿಗೆ ಎಷ್ಟು ಧೈರ್ಯ ಬೇಕು ಯೋಚಿಸಿ. ಬೋರ್ಡಿನ ಮೇಲೆ ತಪ್ಪು ಬರೆದರೆ ಡಸ್ಟರ್ ಅಳಿಸಿಬಿಡುತ್ತದೆ. ಗುಂಪಿನಲ್ಲಿ ಬರೆದದ್ದು ಅಲ್ಲೇ ಇರುತ್ತದೆ. ಸ್ಕ್ರೀನ್‌ಶಾಟ್ ಆಗಿ ಇನ್ನೊಂದು ಗುಂಪಿಗೂ ಹೋಗುತ್ತದೆ. ಅದರ ಮೇಲೆ ಟೀಚರ್ ಬೇರೆ ಅಲ್ಲೇ ಇದ್ದಾರೆ. ಮಕ್ಕಳು ಸುಮ್ನೆ ಇರುವುದು ಸೋಮಾರಿತನದಿಂದಲ್ಲ.

ಈಗ ನಮ್ಮಲ್ಲಿ ನಾಲ್ಕೈದು ಮಕ್ಕಳ ಸಣ್ಣ ಗುಂಪುಗಳಿವೆ. ಒಂದೇ ಬೀದಿಯವರು, ಇಲ್ಲಾಂದ್ರೆ ಒಂದೇ ಬಸ್ಸಿಗೆ ಬರುವವರು. ನಾನು ಆ ಗುಂಪುಗಳಲ್ಲಿ ಇಲ್ಲ. ಪ್ರತಿ ಗುಂಪಿನಲ್ಲೂ ಒಬ್ಬ ತಾಯಿ ಇಲ್ಲವೇ ಅಕ್ಕ ಇರುತ್ತಾರೆ. ಅಲ್ಲಿ ಇರುವುದು ಒಂದೇ ನಿಯಮ: ಬಿಡಿಸಿದ ಲೆಕ್ಕ ಕಳಿಸಬೇಡಿ, ನಿಂತುಹೋದ ಲೆಕ್ಕ ಕಳಿಸಿ. ಎಲ್ಲಿವರೆಗೆ ಬಂತೋ ಅಲ್ಲಿವರೆಗೆ ಬರೆದು, ನಿಂತ ಸಾಲಿನ ಕೆಳಗೆ ಗೆರೆ ಎಳೆದು ಫೋಟೋ ತೆಗೆಯಿರಿ. ಸಹಾಯ ಮಾಡುವವರು ಆ ಗೆರೆಯಿಂದ ಮುಂದಿನ ಒಂದು ಹೆಜ್ಜೆ ಮಾತ್ರ ಹೇಳಬೇಕು. ಅದನ್ನೂ ಬರೆಯುವುದಲ್ಲ, ಮಾತಿನಲ್ಲಿ ಹೇಳಬೇಕು.

ಮಾತಿನಲ್ಲೇ ಯಾಕೆ ಅಂತೀರಾ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು. ಶಾಲೆಯಲ್ಲಿ ಕನ್ನಡ. ಬರೆಯಲು ಹೇಳಿದರೆ ಮಕ್ಕಳು ಪುಸ್ತಕದ ವಾಕ್ಯವನ್ನೇ ಇಳಿಸುತ್ತಾರೆ. ವಾಯ್ಸ್ ಮೆಸೇಜ್‌ನಲ್ಲಿ ತಮ್ಮ ಮಾತು ಬರುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು (ಎಕ್ಸ್ + 3)² ಅಂದರೆ ಎಕ್ಸ್² + 9 ಅಂತ ಬರೆದು ಕಳಿಸಿದ್ದಳು. 'ಎ ಪ್ಲಸ್ ಬಿ ಹೋಲ್ ಸ್ಕ್ವೇರ್' ಕಲಿಸಿದ ಯಾವ ಟೀಚರಿಗೂ ಈ ತಪ್ಪು ಹೊಸದಲ್ಲ. ನಾನು ಸೂತ್ರವನ್ನು ಹತ್ತು ಸಲ ಹೇಳಿದ್ದೆ. ಅವಳ ಗೆಳತಿಯಿಂದ ಬಂದ ವಾಯ್ಸ್ ಮೆಸೇಜ್ ಹೀಗಿತ್ತು: "ಒಕಸಾರಿ ಎಕ್ಸ್‌ಕಿ ಒಕಟಿ ಪೆಟ್ಟಿ ಚೂಡವೇ." ಒಂದು ಸಲ ಎಕ್ಸ್ ಜಾಗದಲ್ಲಿ 1 ಹಾಕಿ ನೋಡೇ. ಅವಳು ಹಾಕಿದಳು. ಒಂದು ಕಡೆ 16 ಬಂತು, ಇನ್ನೊಂದು ಕಡೆ 10. ಉಳಿದ 6 ಎಲ್ಲಿಗೆ ಹೋಯಿತು ಅಂತ ಇಬ್ಬರೂ ಹುಡುಕಿದರು. ಕೊನೆಗೆ ಗೆಳತಿ ಬದಿ ಎಕ್ಸ್ ಅಡಿ ಇರುವ ಚೌಕದ ಹಿಪ್ಪುನೇರಳೆ ತೋಟ ಬರೆದು, ಎರಡು ಬದಿಗೆ ಮೂರು ಮೂರು ಅಡಿ ಸೇರಿಸಿದಳು. ಮೂಲೆಯ 9 ಬಿಟ್ಟರೆ, ಬದಿಗಳಲ್ಲಿ ಎರಡು ಪಟ್ಟಿ ಉಳಿದವು. 3 ಎಕ್ಸ್, ಇನ್ನೊಂದು 3 ಎಕ್ಸ್. ಎಕ್ಸ್ 1 ಆದಾಗ ಅದೇ ಆ 6. ಆ ಚಿತ್ರವನ್ನು ಬೆಳಿಗ್ಗೆ ನನಗೆ ತೋರಿಸಿದಾಗ ನಿಜಕ್ಕೂ ಖುಷಿಯಾಯಿತು. ಈಗ ನಾನೂ ಅದನ್ನೇ ಬರೆದು ಕಲಿಸುತ್ತೇನೆ.

ನಿನ್ನೆಯಷ್ಟೇ ಅರ್ಥವಾದವರಿಗೆ ಎಲ್ಲಿ ಎಡವಿದ್ದೆವು ಅನ್ನೋದು ನೆನಪಿರುತ್ತದೆ. ಇಪ್ಪತ್ತು ವರ್ಷದಿಂದ ಗೊತ್ತಿರುವ ನಮಗೆ ಅದು ಮರೆತುಹೋಗಿರುತ್ತದೆ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದ ಶುರುವಿನಲ್ಲಿ ತಮ್ಮ ಕ್ಲಾಸನ್ನೇ ಇದರ ಮೇಲೆ ಕಟ್ಟಿದರು. ಅವರ ಕ್ರಮದಲ್ಲಿ ಒಂದು ವಿಷಯ ಮುಖ್ಯ. ಮೊದಲು ಪ್ರತಿಯೊಬ್ಬರೂ ತಾವೇ ಯೋಚಿಸಿ ಒಂದು ಉತ್ತರಕ್ಕೆ ಬರಬೇಕು. ಪಕ್ಕದವರ ಜೊತೆ ಮಾತು ಆಮೇಲೆ. ನಮ್ಮ ಗೆರೆ ಎಳೆಯುವ ನಿಯಮವೂ ಇದೇ. ಖಾಲಿ ಹಾಳೆಯ ಫೋಟೋ ಕಳಿಸಿದರೆ ಯಾರೂ ಉತ್ತರ ಕೊಡಬಾರದು.

ಫೋನ್ ಇಲ್ಲದವರ ಕಥೆ? 2020ರಲ್ಲಿ ಶಾಲೆ ಮುಚ್ಚಿದ್ದಾಗ ಚಂದನ ಟಿವಿಯಲ್ಲಿ ಸಂವೇದ ಪಾಠ ಬಂತು. ವಿದ್ಯಾಗಮ ಅಂತ ನಾವು ಊರೂರಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗುಲಿಯಲ್ಲಿ ಪಾಠ ಮಾಡಿದೆವು. ಆಗ ಮಕ್ಕಳನ್ನು ಗುಂಪು ಮಾಡಿದ್ದೇ ಮನೆಯಲ್ಲಿ ಎಂಥ ಫೋನ್ ಇದೆ, ಇದೆಯೋ ಇಲ್ಲವೋ ಅನ್ನೋದರ ಮೇಲೆ. ಇವತ್ತಿಗೂ ಎಷ್ಟೋ ಮನೆಯಲ್ಲಿ ಇರುವುದು ಒಂದೇ ಫೋನ್. ಅದು ಅಪ್ಪನ ಜೇಬಿನಲ್ಲಿ ರೇಷ್ಮೆಗೂಡಿನ ಮಾರ್ಕೆಟ್‌ಗೆ ಹೋಗಿರುತ್ತದೆ. ಅದಕ್ಕೇ ಬೀದಿಗೊಂದು ಗುಂಪು ಮಾಡಿದ್ದು. ಫೋನ್ ಇಲ್ಲದ ಮಗು ಪಕ್ಕದ ಮನೆಗೆ ನಡೆದು ಹೋಗಿ ಕೇಳಬಹುದು. ಹಾಗೆ ಹೋದವರು ಎಷ್ಟೋ ಸಲ ಅಲ್ಲೇ ಕೂತು ಲೆಕ್ಕ ಮುಗಿಸುತ್ತಾರೆ, ಫೋನ್ ತೆಗೆಯುವುದೇ ಇಲ್ಲ. ಅದೇ ಚೆಂದ ಅಲ್ವಾ?

ತೊಂದರೆಗಳೂ ಇವೆ. ಒಬ್ಬಳೇ ಜಾಣ ಹುಡುಗಿಗೆ ಎಲ್ಲರೂ ಗಂಟುಬೀಳುತ್ತಾರೆ. ಆ ಮಗು ನನ್ನ ಹತ್ತಿರ ಅತ್ತಿದ್ದೂ ಇದೆ. ಈಗ ಪಾಠಕ್ಕೊಬ್ಬರಂತೆ ಸರದಿ ಇದೆ. ತಪ್ಪಾಗಿ ಹೇಳಿಕೊಟ್ಟದ್ದೂ ಉಂಟು. ಅದಕ್ಕೇ ಬೆಳಿಗ್ಗೆ ಮೊದಲ ಹತ್ತು ನಿಮಿಷ ನಾನು ಪಾಠ ಮಾಡುವುದಿಲ್ಲ. ರಾತ್ರಿ ಗುಂಪಿನಲ್ಲಿ ಏನು ಮಾತಾಯಿತು ಅಂತ ಕೇಳುತ್ತೇನೆ. ಇನ್ನು ಗೆಳೆಯರ ತಪ್ಪನ್ನು ಬೇರೆ ಕಡೆ ಹಂಚಿ ನಗುವುದು. ಈ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಒಂದು ಸಲ ನಗೆಪಾಟಲಾದ ಮಗು ಆ ವರ್ಷವೆಲ್ಲ ಬಾಯಿ ಬಿಡುವುದಿಲ್ಲ.

"ಫೋನ್ ಕೊಡಬೇಕಾ ಮಿಸ್?" ಅಂತ ತಾಯಂದಿರು ಕೇಳುತ್ತಾರೆ. ಏಳೂವರೆಯಿಂದ ಎಂಟರವರೆಗೆ ನಡುಮನೆಯಲ್ಲಿ, ನಿಮ್ಮ ಕಣ್ಣೆದುರು ಕೊಡಿ ಅಂತೀನಿ. ವಾಯ್ಸ್ ಮೆಸೇಜ್ ಜೋರಾಗಿ ಹಾಕಿ ಕೇಳಲಿ. ನಿಮಗೂ ಕೇಳಿಸಲಿ.

ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಮಾತ್ರ ಈ ಹೊತ್ತು ನಡೆಯುವುದಿಲ್ಲ. ನಾಲ್ಕನೇ ಜ್ವರ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಡುವುದು, ಕಳೆದ ಮೇಲೆ ಹುಳು ಸೊಪ್ಪು ತಿನ್ನುವುದೇ ಬೇರೆ. ಹಗಲು ರಾತ್ರಿ ಸೊಪ್ಪು ಹಾಕಬೇಕು. ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರುವವರೆಗೆ ಮನೆಮಂದಿಗೆಲ್ಲ ಕೆಲಸ, ಮಕ್ಕಳು ಶಾಲೆ ತಪ್ಪಿಸುತ್ತಾರೆ. ಹಿಂದೆ ಹೀಗೆ ಮೂರು ನಾಲ್ಕು ದಿನ ತಪ್ಪಿದ ಮಕ್ಕಳು ವಾಪಸ್ ಬಂದು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಿದ್ದರು. ಹೋದ ಬೆಳೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹುಳು ಮನೆಯಿಂದಲೇ ಗೆಳತಿಯರಿಗೆ ವಾಯ್ಸ್ ಮೆಸೇಜ್ ಕಳಿಸಿದ್ದಳು. ಮಾರನೇ ದಿನ ಅವರು ನನಗೆ ಕೇಳಿಸಿದರು. ಹುಳುಗಳು ಸೊಪ್ಪು ಮೇಯುವ ಸದ್ದು ಹಿಂದೆ ಸಣ್ಣ ಮಳೆಯ ಥರ ಕೇಳುತ್ತಿತ್ತು. ಅದರ ನಡುವೆ ಅವಳ ದನಿ: "ಇವತ್ತು ಎಲ್ಲಿವರೆಗೆ ಮಾಡಿದ್ರೇ? ನಾನು ಎರಡನೇ ಲೆಕ್ಕದಲ್ಲೇ ನಿಂತಿದ್ದೀನಿ."