ನಿಂಜಾ 1000ಎಸ್‌ಎಕ್ಸ್: ಮೈಲೇಜ್ ಎಷ್ಟು, ಘಾಟಿಯಲ್ಲಿ ಹೇಗೆ?

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ಕವಾಸಕಿ ನಿಂಜಾ 1000ಎಸ್‌ಎಕ್ಸ್ ಬೈಕ್ ಒಂದು ಸಿಗುತ್ತಿದೆ. ಹೆಂಡತಿ ಜೊತೆ ಊರೂರು ಸುತ್ತುವ ಆಸೆ. ನಿಜಕ್ಕೂ ಎಷ್ಟು ಮೈಲೇಜ್ ಬರುತ್ತೆ? ಇಷ್ಟು ಭಾರದ ಗಾಡಿ ಘಾಟಿಯಲ್ಲಿ ಸಲೀಸಾಗಿ ತಿರುಗುತ್ತಾ?

ಉತ್ತರ: ನನ್ನ ಗಾಡಿಯ ಲೆಕ್ಕವನ್ನೇ ಹೇಳುತ್ತೇನೆ. ಹೈವೇಯಲ್ಲಿ 90-100ರ ವೇಗದಲ್ಲಿ ಹೋದರೆ ಲೀಟರಿಗೆ 18ರಿಂದ 20 ಕಿಲೋಮೀಟರ್. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 13-14. ಟ್ಯಾಂಕ್ 19 ಲೀಟರಿನದು. ಹಾಗಾಗಿ 250 ಕಿಲೋಮೀಟರ್ ದಾಟಿದ ಮೇಲೆ ಬಂಕ್ ಹುಡುಕಿದರೂ ಸಾಕು. ತುಮಕೂರು, ಚಿತ್ರದುರ್ಗದ ದಾರಿಯಲ್ಲಿ ಹೊರಟರೆ ಗಾಡಿಗಿಂತ ಮೊದಲು ನಿಮ್ಮ ಸೊಂಟವೇ ನಿಲ್ಲಿಸು ಅನ್ನುತ್ತದೆ. (ಮೈಸೂರು ಎಕ್ಸ್‌ಪ್ರೆಸ್‌ವೇ ಕನಸು ಬೇಡ. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. 1043 ಸಿಸಿ ಇದ್ದರೂ ಸರ್ವಿಸ್ ರಸ್ತೆಯೇ ಗತಿ!)

ಈ ಲೆಕ್ಕ ನಿಮ್ಮ ಬಲಗೈ ಮೇಲೆ ನಿಂತಿದೆ. ವೇಗ 100ರಿಂದ 130ಕ್ಕೆ ಏರಿದರೆ ಹೆಚ್ಚಿದ್ದು ಶೇ. 30 ಮಾತ್ರ. ಆದರೆ ಎದುರು ಗಾಳಿಯ ತಡೆ ಸುಮಾರು ಶೇ. 70 ಜಾಸ್ತಿಯಾಗುತ್ತದೆ. ಪಕ್ಕಕ್ಕೆ ಎರಡು ಬಾಕ್ಸ್ ಹಾಕಿದರೆ ಗಾಡಿ ಅಗಲವಾಗಿ ತಡೆ ಇನ್ನೂ ಹೆಚ್ಚುತ್ತದೆ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲೂ ಸ್ವಲ್ಪ ಕಮ್ಮಿ ಬರುತ್ತದೆ, ಯಾಕಂದರೆ ಎಥೆನಾಲಿನಲ್ಲಿ ಪೆಟ್ರೋಲಿನಷ್ಟು ಶಕ್ತಿ ಇರುವುದಿಲ್ಲ.

ಇನ್ನು ಓಡಿಸುವ ವಿಷಯ. ತೂಕ 235 ಕೆಜಿ ಮೇಲಿದೆ, ಸೀಟಿನ ಎತ್ತರ 835 ಮಿಲಿಮೀಟರ್. ಪಾರ್ಕಿಂಗಿನಲ್ಲಿ ಹಿಂದಕ್ಕೆ ತಳ್ಳುವಾಗ, ಇಕ್ಕಟ್ಟಿನಲ್ಲಿ ಯೂ ಟರ್ನ್ ಹೊಡೆಯುವಾಗ ಈ ತೂಕ ಚೆನ್ನಾಗಿ ಗೊತ್ತಾಗುತ್ತದೆ. ಮೂವತ್ತರ ವೇಗ ದಾಟಿದರೆ ಭಾರ ಅನ್ನುವುದೇ ಮರೆತುಹೋಗುತ್ತದೆ. ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವಿನ ತಿರುವುಗಳಲ್ಲಂತೂ ಮೂರನೇ ಗೇರು ಹಾಕಿದರೆ ಮತ್ತೆ ಬದಲಿಸುವ ಕೆಲಸವೇ ಕಮ್ಮಿ. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೂ (ಕಡಿಮೆ ಆರ್‌ಪಿಎಮ್‌ನಲ್ಲೂ) ಚೆನ್ನಾಗಿ ಎಳೆಯುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳ ಮಾತು ಬೇರೆ. ಅಲ್ಲಿ ಮೊದಲ ಗೇರು, ಅರ್ಧ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಲಘುವಾಗಿ ಕಾಲು. ಹ್ಯಾಂಡಲ್ ಪೂರ್ತಿ ತಿರುಗಿರುವಾಗ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಡಿ, ಗಾಡಿ ಮಲಗಿಬಿಡುತ್ತದೆ.

"ಇದು ತಿರುಗಲ್ಲ, ಭಾರ" ಅಂತ ದೂರುವವರ ಗಾಡಿ ನೋಡಿದಾಗಲೆಲ್ಲ ನಾನು ಮೊದಲು ಗಾಳಿ ಚೆಕ್ ಮಾಡಿಸುತ್ತೇನೆ. ಮುಂದೆ 36, ಹಿಂದೆ 42 ಪಿಎಸ್‌ಐ ಇರಬೇಕು. ಬಂಕಿನ ಹುಡುಗ ಎಲ್ಲ ಬೈಕಿಗೂ ಹಾಕುವಂತೆ 30 ಹಾಕಿ ಕಳಿಸಿರುತ್ತಾನೆ. ಗಾಳಿ ಕಮ್ಮಿಯಾದರೆ ಹ್ಯಾಂಡಲೂ ಭಾರ, ಮೈಲೇಜೂ ಕಮ್ಮಿ. ಇನ್ನೊಂದು ಕಾರಣ ಸವೆದ ಹಿಂದಿನ ಟೈರು. ಹೈವೇಯಲ್ಲೇ ಓಡಿದ ಗಾಡಿಯ ಟೈರು ನಡುವೆ ಚಪ್ಪಟೆಯಾಗಿರುತ್ತದೆ. ಅಂಥ ಗಾಡಿ ಮೊದಲು ವಾಲುವುದಕ್ಕೆ ಒಪ್ಪುವುದಿಲ್ಲ, ಆಮೇಲೆ ದಡಕ್ಕನೆ ವಾಲುತ್ತದೆ. ನೀವು ನೋಡಿರುವ ಗಾಡಿಯಲ್ಲಿ ಇದನ್ನು ಬಗ್ಗಿ ನೋಡಿ. ಟೈರು ಜೋಡಿ ಬದಲಿಸಲು ಮೂವತ್ತು ಸಾವಿರಕ್ಕಿಂತ ಜಾಸ್ತಿ ಬೇಕು. ಮೈಲೇಜಿನಲ್ಲಿ ಒಂದೆರಡು ಕಿಲೋಮೀಟರ್ ಹೆಚ್ಚುಕಮ್ಮಿ ಆಗುವುದಕ್ಕಿಂತ ಇದು ದೊಡ್ಡ ಖರ್ಚು. ಬೆಲೆ ಮಾತಾಡುವಾಗ ಬಿಡಬೇಡಿ.

ಇಬ್ಬರೂ ಕೂರುತ್ತೀರಲ್ವಾ, ಹಾಗಾದರೆ ಹಿಂದಿನ ಸಸ್ಪೆನ್ಷನ್ನಿನ ಪ್ರೀಲೋಡ್ ತಿರುಪು, ಅಂದರೆ ಸ್ಪ್ರಿಂಗನ್ನು ಬಿಗಿ ಮಾಡುವ ತಿರುಪು, ನಿಮಗೆ ಬೇಕೇಬೇಕು. ಸ್ಪ್ಯಾನರ್ ಬೇಡ, ಕೈಯಲ್ಲೇ ತಿರುಗುತ್ತದೆ. ಅದನ್ನು ಬಿಗಿ ಮಾಡದೆ ಇಬ್ಬರು ಕೂತರೆ ಹಿಂಭಾಗ ಕುಸಿದು ಮುಂಭಾಗ ಹಗುರವಾಗುತ್ತದೆ. ತಿರುವಿನಲ್ಲಿ ಗಾಡಿ ಹೊರಕ್ಕೆ ಎಳೆಯುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಮೈಲೇಜೇ ಮುಖ್ಯ ಅನ್ನುವುದಾದರೆ ಹೊಸ ನಿಂಜಾ 1100ಎಸ್‌ಎಕ್ಸ್ ಕೂಡ ನೋಡಿ. ಅದರ ಐದು ಮತ್ತು ಆರನೇ ಗೇರುಗಳನ್ನು ಹೈವೇ ಮೈಲೇಜಿಗಾಗಿಯೇ ಉದ್ದ ಮಾಡಿದ್ದಾರೆ, ಅಂದರೆ ಅದೇ ವೇಗಕ್ಕೆ ಎಂಜಿನ್ ಕಮ್ಮಿ ತಿರುಗಿದರೆ ಸಾಕು. ನನ್ನ ಪ್ರಕಾರ ಅದಕ್ಕಾಗಿಯೇ ಜಾಸ್ತಿ ದುಡ್ಡು ಕೊಡಬೇಕಿಲ್ಲ. ಹಳೆಯದನ್ನೇ ಟೆಸ್ಟ್ ರೈಡ್ ಮಾಡಿ, ಆದರೆ ಹೆಂಡತಿಯನ್ನೂ ಕೂರಿಸಿಕೊಂಡು.